ಮಂಡ್ಯ: ಚುನಾವಣೆ ತಡವಾದರೆ ಆಯೋಗಕ್ಕೋ, ಹೈಕೋರ್ಟಿಗೋ?

ಮಂಡ್ಯ ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಗೆದ್ದವರ ಅವಧಿ 2021ಕ್ಕೇ ಮುಗಿಯಿತು. ಸಂವಿಧಾನದ 243ಇ ವಿಧಿಯಂತೆ ಅಷ್ಟರೊಳಗೆ ಮತದಾನ ಆಗಬೇಕಿತ್ತು. ಇಂಥ ವಿಳಂಬ ಪ್ರಶ್ನಿಸುವವರಿಗೆ ಎರಡು ದಾರಿ. ರಾಜ್ಯ ಚುನಾವಣಾ ಆಯೋಗಕ್ಕೆ ಮನವಿ ಕೊಡುವುದು ಸುಲಭ, ವಕೀಲರೂ ಬೇಕಿಲ್ಲ. ದಿನಾಂಕ ನಿಗದಿ ಮಾಡುವುದೂ ಅದೇ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಅಂತಿಮವಾಗದೆ ಆಯೋಗದ ಕೈ ಕಟ್ಟಿದಂತೆ. ಪಟ್ಟಿಯೇ ತಡವಾಗಿದ್ದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ (ಅಧಿಕಾರಿಗಳಿಗೆ ಆದೇಶ ಕೊಡಿ ಎಂದು ಕೋರುವ ಅರ್ಜಿ) ಹಾಕುವುದೇ ಮೇಲು: ಸರ್ಕಾರವನ್ನೂ ಪ್ರತಿವಾದಿ ಮಾಡಬಹುದು. ಖರ್ಚು ಹೆಚ್ಚು, ನಿಜ. ಅರ್ಜಿಯಲ್ಲಿ, ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಬೇಕೆಂದ ಸುಪ್ರೀಂ ಕೋರ್ಟಿನ 2006ರ ಕಿಶನ್‌ಸಿಂಗ್ ತೋಮರ್ ತೀರ್ಪನ್ನು ಮರೆಯದೆ ಉಲ್ಲೇಖಿಸಿ. ಅದು ಅಹಮದಾಬಾದ್ ಪಾಲಿಕೆಯ ಪ್ರಕರಣವಾದರೂ ಐದು ವರ್ಷದ ನಿಯಮ ಒಂದೇ. ಆದರೆ ಚುನಾವಣಾ ವೇಳಾಪಟ್ಟಿ ಹೊರಬಿದ್ದ ಮೇಲೆ ಕೋರ್ಟುಗಳು ಸಾಮಾನ್ಯವಾಗಿ ತಡೆ ಕೊಡುವುದಿಲ್ಲ. ಆಗ ತಕರಾರೇನಿದ್ದರೂ ಫಲಿತಾಂಶದ ನಂತರ, ಚುನಾವಣಾ ಅರ್ಜಿಯಲ್ಲಿ.