ಎರಡು ಜೆಲ್ಡಾ, ಒಂದೇ ಹೈರೂಲ್: ಯಾವುದಕ್ಕೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ನಿಂಟೆಂಡೊ ಸ್ವಿಚ್‌ನಲ್ಲಿ (ಕೈಯಲ್ಲಿ ಹಿಡಿದೂ ಆಡಬಹುದಾದ ಗೇಮ್ ಯಂತ್ರ) ಆಡುವ ಈ ಎರಡು ಜೆಲ್ಡಾ ಸಾಹಸ ಗೇಮ್‌ಗಳಲ್ಲಿ ನನ್ನ ವೋಟು 2017ರ ಬ್ರೆತ್ ಆಫ್ ದಿ ವೈಲ್ಡ್‌ಗೆ. ಅದರ ಮುಂದಿನ ಭಾಗ ಟಿಯರ್ಸ್ ಆಫ್ ದಿ ಕಿಂಗ್‌ಡಮ್ ಬಂದಿದ್ದು 2023ರಲ್ಲಿ. ಅದನ್ನೂ ಬೆಂಗಳೂರಿನಿಂದ ತರಿಸಿ ಆಡಿದ ಮೇಲೆಯೇ ಈ ಮಾತು. ಎರಡನೆಯದು ಕೆಟ್ಟ ಗೇಮ್ ಅಲ್ಲ. ನನ್ನ ತಕರಾರು ಜಾಗದ ಬಗ್ಗೆ. ಹೈರೂಲ್ ಅನ್ನುವ ಅದೇ ಕಲ್ಪನೆಯ ರಾಜ್ಯ, ಅದೇ ಗುಡ್ಡ, ಅದೇ ಹೊಳೆ, ಮೇಲೆ ಒಂದಿಷ್ಟು ತೇಲುವ ದ್ವೀಪ, ಕೆಳಗೊಂದು ಪಾತಾಳ. ಇದನ್ನು ಹೊಸ ಲೋಕ ಅನ್ನಬಹುದಾ?

ಮೊದಲನೆಯದರಲ್ಲಿ ತಲೆ ಕೆಡಿಸುವುದು ಮಳೆ. ಬಂಡೆ ಹತ್ತುತ್ತಿರುತ್ತೀರಿ, ಇನ್ನೇನು ತುದಿ ಬಂತು ಅನ್ನುವಾಗ ಮಳೆ ಶುರು, ನಾವು ಆಡಿಸುವ ನಾಯಕ ಲಿಂಕ್ ಜರ್ರನೆ ಜಾರುತ್ತಾನೆ. ಮತ್ತೆ ಹತ್ತು, ಮತ್ತೆ ಜಾರು, ಸ್ಟ್ಯಾಮಿನಾ ಖಾಲಿ, ದಢಾರ್. ಗುಡುಗಿದರೆ ಲೋಹದ ಕತ್ತಿ, ಗುರಾಣಿ ಬಿಚ್ಚಿಡಬೇಕು, ಇಲ್ಲದಿದ್ದರೆ ಸಿಡಿಲು ನೇರ ತಲೆಗೆ. ಜುಲೈನಲ್ಲಿ ಸೋಮವಾರಪೇಟೆಯಲ್ಲಿ ಕೂತು, ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ, ಕರೆಂಟ್ ಇಲ್ಲದೆ ಸ್ವಿಚ್‌ನ ಬ್ಯಾಟರಿಯಲ್ಲಿ ಆಡುವವನಿಗೆ ಗೇಮ್ ಒಳಗೂ ಮಳೆ ಬೇಕಾ ಹೇಳಿ.

ಝೋರಾ ಅನ್ನುವ ಮೀನು-ಮನುಷ್ಯರ ಊರಿನ ದಾರಿಯಂತೂ ಕೇಳಲೇಬೇಡಿ. ವಾ ರೂಟಾ ಅಂತ ಆನೆ ಆಕಾರದ ದೊಡ್ಡ ಯಂತ್ರ ಮಳೆ ಸುರಿಸುತ್ತಲೇ ಇರುತ್ತದೆ, ಅದನ್ನು ಪಳಗಿಸುವವರೆಗೂ ನಿಲ್ಲುವುದಿಲ್ಲ. (ಆನೆಯಿಂದ ದಾರಿ ಬಂದ್ ಆಗುವುದು ಕೊಡಗಿನವರಿಗೆ ಹೊಸದಲ್ಲ ಬಿಡಿ.) ಬೆಟ್ಟ ಹತ್ತಿ ಅಡ್ಡದಾರಿ ಹಿಡಿಯೋಣ ಅಂದರೆ ಜಾರಿಕೆ. ಕಣಿವೆ ಸುತ್ತಿಕೊಂಡು, ಕರೆಂಟ್ ಬಾಣ ಬಿಡುವ ಹಲ್ಲಿ ಮುಖದವರ ಜೊತೆ ಗುದ್ದಾಡುತ್ತಾ ನಡೆಯಲೇಬೇಕು. ಬೈದುಕೊಂಡೇ ನಡೆದೆ. ಆದರೆ ಆ ದಾರಿಯ ಒಂದೊಂದು ತಿರುವೂ ಇವತ್ತಿಗೂ ನೆನಪಿದೆ.

ಟಿಯರ್ಸ್‌ನಲ್ಲೂ ಮಳೆ ಇದೆ, ಜಾರುವುದೂ ಇದೆ. ಆದರೆ ಹತ್ತುವವರು ಯಾರು? ಗೋಪುರಕ್ಕೆ ಹೋದರೆ ಅದೇ ನಿಮ್ಮನ್ನು ಆಕಾಶಕ್ಕೆ ಎಸೆಯುತ್ತದೆ. ಚಾಚಿದ ಬಂಡೆ ಕೆಳಗೆ ನಿಂತು ಅಸೆಂಡ್ ಅನ್ನುವ ಶಕ್ತಿ ಬಳಸಿದರೆ ಅದನ್ನು ತೂರಿಕೊಂಡು ಮೇಲೆ ಬರುತ್ತೀರಿ. ಸಿಕ್ಕ ಸಾಮಾನುಗಳನ್ನು ಅಂಟಿಸಿ ವಾಹನ ಮಾಡಬಹುದು, ಹ್ಯಾಂಡಲ್‌ಗೆ ಎರಡು ಫ್ಯಾನ್ ಅಂಟಿಸಿದರೆ ಹಾರುವ ಬೈಕ್ ರೆಡಿ. ತಡಿಯಂಡಮೋಳ್ ಬೆಟ್ಟ 1748 ಮೀಟರ್, ನಡೆದು ಹತ್ತಿದವನಿಗೂ ಹೆಲಿಕಾಪ್ಟರಿನಿಂದ ಇಳಿದವನಿಗೂ ಅದು ಒಂದೇ ಬೆಟ್ಟನಾ?

ಟಿಯರ್ಸ್‌ನಲ್ಲಿ ನೆಲದ ಮೇಲಿನ ಊರುಗಳು ಬದಲಾಗಿವೆ, ನಿಜ. ಲುರೆಲಿನ್ ಅನ್ನು ಕಡಲ್ಗಳ್ಳರು ಹಾಳು ಮಾಡಿದ್ದಾರೆ, ರಿಟೊ ಹಳ್ಳಿ ಹಿಮದಲ್ಲಿ ಮುಚ್ಚಿಹೋಗಿದೆ, ಝೋರಾದಲ್ಲಿ ಆಕಾಶದಿಂದ ಕೆಸರು ಬೀಳುತ್ತದೆ. ನೋಡಿ ‘ಅಯ್ಯೋ’ ಅನ್ನಿಸಬೇಕಾದರೆ ಮೊದಲನೆಯದನ್ನು ಆಡಿರಬೇಕು. ಹೊಸಬರಿಗೆ ಇವು ಸುಮ್ನೆ ಇನ್ನೊಂದಿಷ್ಟು ಹಾಳೂರು, ಅಷ್ಟೇ.

ಆಕಾಶದ ದ್ವೀಪಗಳು: ಶುರುವಿನದ್ದು ಬಿಟ್ಟರೆ ಚೂರುಪಾರು.

ಪಾತಾಳ ಮಾತ್ರ ಬೇರೆ ಮಾತು. ಎಲ್ಲೆಲ್ಲೂ ಕತ್ತಲು, ಬೆಳಕಿನ ಬೀಜ ಎಸೆಯುತ್ತಾ ದಾರಿ ಹುಡುಕಬೇಕು. ನೆಲದ ಕೆಂಪು ವಿಷ ತಾಗಿದರೆ ಜೀವ ಎಷ್ಟಿದೆ ಅಂತ ತೋರಿಸುವ ಹೃದಯಗಳೇ ಒಡೆಯುತ್ತವೆ, ಮಾಮೂಲಿ ಅಡುಗೆ ತಿಂದರೆ ಸರಿಹೋಗುವುದಿಲ್ಲ. ಮೇಲೆ ಹೊಳೆ ಇರುವ ಕಡೆ ಇಲ್ಲಿ ಗೋಡೆ, ಮೇಲಿನ ನೆಲದ ಪ್ರತಿ ಶ್ರೈನ್‌ನ (ಒಗಟು ಬಿಡಿಸುವ ಪುಟ್ಟ ಗುಡಿ) ನೇರ ಕೆಳಗೆ ಒಂದು ಬೆಳಕಿನ ಬೇರು. ಇಲ್ಲಿ ಮತ್ತೆ ನಿಧಾನ ಮಾಡಬೇಕಾಯಿತು, ಮತ್ತೆ ಹೆದರಿಕೆ ಆಯಿತು. ಇದೊಂದನ್ನೇ ಗೇಮ್ ಮಾಡಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

ಅಮೆರಿಕದಲ್ಲಿ ಮೊದಲನೆಯದು 60 ಡಾಲರ್‌ಗೆ ಬಂತು, ಎರಡನೆಯದು 70ಕ್ಕೆ. ನಮಗೆ ತರಿಸುವ ಖರ್ಚು ಬೇರೆ. ಹಾಗಾಗಿ ಒಂದಕ್ಕೇ ದುಡ್ಡಿದ್ದರೆ, ನನ್ನ ಹಾಗೆ ನಿಧಾನಕ್ಕೆ ಸುತ್ತುವವರಾದರೆ, ಬ್ರೆತ್ ಆಫ್ ದಿ ವೈಲ್ಡ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಏನಾದರೂ ಜೋಡಿಸಿ ಬಿಚ್ಚುವ ಹುಚ್ಚು ಜಾಸ್ತಿ ಇದ್ದರೆ ಟಿಯರ್ಸ್. ಎರಡೂ ಆಡುವವರು ಮಧ್ಯೆ ಒಂದು ವರ್ಷವಾದರೂ ಬಿಡಿ, ಅದೇ ಗುಡ್ಡ ಅಷ್ಟು ಬೇಗ ಮತ್ತೆ ನೋಡಿದರೆ ಬೇಜಾರಾಗುತ್ತದೆ.