ಸೆಲೆರಿಯೊ ಬೇಕಾ, ಟಿಯಾಗೊ ಬೇಕಾ? ಉಡುಪಿಯವರಿಗೊಂದು ಹೋಲಿಕೆ

ಎರಡೂ ಪುಟ್ಟ ಪೆಟ್ರೋಲ್ ಕಾರುಗಳು, ಎರಡಕ್ಕೂ ಮೂರು ಸಿಲಿಂಡರಿನ ಎಂಜಿನ್. ಪೆಟ್ರೋಲ್ ಖರ್ಚೇ ನಿಮ್ಮ ದೊಡ್ಡ ಚಿಂತೆಯಾದರೆ ಮಾರುತಿ ಸೆಲೆರಿಯೊ ತಗೊಳ್ಳಿ. 998 ಸಿಸಿ ಎಂಜಿನ್, ಕಂಪನಿ ಲೆಕ್ಕದಲ್ಲಿ ಲೀಟರಿಗೆ ಸುಮಾರು 25 ಕಿ.ಮೀ. ಟಾಟಾ ಟಿಯಾಗೊದ್ದು 1199 ಸಿಸಿ, ಮೈಲೇಜ್ 20ರ ಆಸುಪಾಸು. ಕಲ್ಸಂಕದ ಟ್ರಾಫಿಕ್ಕಿನಲ್ಲಿ ಎರಡೂ ಅಷ್ಟು ಕೊಡುವುದಿಲ್ಲ, ಬಿಡಿ.

ಆದರೆ ಮಣಿಪಾಲದ ಏರು ಇದೆಯಲ್ವಾ? ನಾಲ್ಕು ಜನ ಕೂತು, ಏಸಿ ಹಾಕಿಕೊಂಡು ಇಂದ್ರಾಳಿ ದಾಟಿ ಹತ್ತಿ ನೋಡಿ. ಎದುರಿನ ಬಸ್ಸು ನಿಂತಿತೆಂದರೆ ನಾವೂ ಏರಿನಲ್ಲೇ ನಿಂತು ಮತ್ತೆ ಹೊರಡಬೇಕು. ಸೆಲೆರಿಯೊ ಎಂಜಿನ್ನಿನ ಶಕ್ತಿ 67 ಪಿಎಸ್, ಎಕ್ಸಿಲರೇಟರ್ ಜಾಸ್ತಿಯೇ ಒತ್ತಬೇಕು. ಟಿಯಾಗೊದ 86 ಪಿಎಸ್ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಡಿಕ್ಕಿ ಸೆಲೆರಿಯೊದ್ದೇ ದೊಡ್ಡದು: 313 ಲೀಟರ್, ಟಿಯಾಗೊದ್ದು 242.

ದಿನಾ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗಿ ಬರುವವರಿಗೆ ನಾನು ಟಿಯಾಗೊವನ್ನೇ ಹೇಳುತ್ತೇನೆ. ಕಾರನ್ನು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2020ರ ಪರೀಕ್ಷೆಯಲ್ಲಿ ಅದಕ್ಕೆ 4 ಸ್ಟಾರ್ ಸಿಕ್ಕಿದೆ. ಮನೆಯವರನ್ನು ಕೂರಿಸಿಕೊಂಡು ಓಡಿಸುವಾಗ ಅದು ಸಣ್ಣ ವಿಷಯ ಅಲ್ಲ. ಊರೊಳಗೇ ಓಡಾಟವಾದರೆ ಸೆಲೆರಿಯೊ ಸಾಕು. ಯಾವುದೇ ತಗೊಂಡರೂ ಮಳೆಗಾಲಕ್ಕೆ ಮುಂಚೆ ಅಡಿಭಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್ ಮಾಡಿಸಿ.