ಅರೇಬಿಯಾ, ಬ್ಲ್ಯಾಕ್ ಫಾರೆಸ್ಟ್, ಅರೀನಾ: ಯಾವ ನೆಲಕ್ಕೆ ಯಾವ ಸೈನ್ಯ?

ಕಂಪ್ಯೂಟರ್ ಯುದ್ಧತಂತ್ರದ ಆಟವಾದ ಏಜ್ ಆಫ್ ಎಂಪೈರ್ಸ್ 2ರ ಡೆಫಿನಿಟಿವ್ ಎಡಿಷನ್‌ನಲ್ಲಿ ಈ ಮೂರು ಮ್ಯಾಪುಗಳನ್ನು ಒಂದೇ ನಾಗರಿಕತೆ ಹಿಡಿದು ಆಡಿದರೂ ಮೂರು ಬೇರೆ ಬೇರೆ ಆಟ ಆಡಿದಂತಾಗುತ್ತದೆ. ನೆಲವನ್ನು ಓದಲು ಕಲಿಯಬೇಕೆನ್ನುವವರು ಅರೇಬಿಯಾದಿಂದಲೇ ಶುರು ಮಾಡಬೇಕು.

ಅರೇಬಿಯಾ ಬಯಲು. ಆಟದ ನಾಲ್ಕು ಯುಗಗಳಲ್ಲಿ ಎರಡನೆಯದಾದ ಫ್ಯೂಡಲ್ ಏಜ್‌ನಲ್ಲೇ ಕಾದಾಟ ಹತ್ತಿಕೊಳ್ಳುತ್ತದೆ, ಹಾಗಾಗಿ ದಿಬ್ಬಗಳ ಲೆಕ್ಕ ಬಹಳ ಮುಖ್ಯ. ಎತ್ತರದಿಂದ ಹೊಡೆದರೆ ಏಟು ಶೇ. 25 ಹೆಚ್ಚು, ಕೆಳಗಿನಿಂದ ಹೊಡೆದರೆ ಶೇ. 25 ಕಡಿಮೆ. ಆರ್ಚರ್‌ಗೆ 30 ಹಿಟ್ ಪಾಯಿಂಟ್ (ಪ್ರಾಣಬಲ), ಏಟಿನ ಬಲ 4. ಅಪ್‌ಗ್ರೇಡ್ ಇಲ್ಲದ ಇಬ್ಬರು ಆರ್ಚರ್‌ಗಳು ಸಮತಟ್ಟಿನಲ್ಲಿ ಎದುರಾದರೆ ಒಬ್ಬನನ್ನು ಕೆಡವಲು 8 ಬಾಣ ತಗಲಬೇಕು. ದಿಬ್ಬದ ಮೇಲಿದ್ದವನಿಗೆ 6 ಸಾಕು, ಕೆಳಗಿದ್ದವನಿಗೆ 10 ಬೇಕು. ಎಲ್ಲರೂ ಒಟ್ಟಿಗೆ ಬಾಣ ಬಿಡುವಾಗ ಮೇಲಿನ 10 ಜನರಿಗೆ ಸರಿಸಾಟಿಯಾಗಲು ಕೆಳಗೆ ಸುಮಾರು 13 ಜನ ಇರಬೇಕು. ದಿಬ್ಬ ಎಷ್ಟೇ ಎತ್ತರವಿರಲಿ, ಲಾಭ ಅಷ್ಟೇ. ಒಂದೇ ಹಂತ ಮೇಲಿದ್ದರೂ ಸಾಕು. ಆದ್ದರಿಂದ ಸ್ಕೌಟ್ (ಸುತ್ತ ನೋಡಿ ಬರುವ ಸವಾರ) ಕುರಿ ಹುಡುಕುವಾಗಲೇ ನಿಮ್ಮ ಮುಖ್ಯ ಗೋಲ್ಡ್ ಗಣಿಯ ಪಕ್ಕ ದಿಬ್ಬ ಇದೆಯೇ, ಅದು ಶತ್ರುವಿನ ದಿಕ್ಕಿಗಿದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಅಲ್ಲಿ ಮೊದಲು ನಿಲ್ಲಬೇಕಾದವರು ನಿಮ್ಮವರು.

ಪ್ಯಾಲಿಸೇಡ್, ಅಂದರೆ ಮರದ ಗೋಡೆ, ಒಂದು ಚೌಕಕ್ಕೆ 3 ಕಟ್ಟಿಗೆ. ಕಾಡಿಗೆ ತಾಗಿಸಿ ಹಾಕಿದರೆ ಉಳಿತಾಯ ನಿಜ, ಆದರೆ ಎಡವಟ್ಟಾಗುವುದೂ ಅಲ್ಲೇ: ಗೋಡೆಗೆ ತಾಗಿದ ಮರವನ್ನು ನಿಮ್ಮ ವಿಲೇಜರ್‌ಗಳೇ (ಕೆಲಸಗಾರರು) ಕಡಿದು ಮುಗಿಸುತ್ತಾರೆ, ಆ ಸಂದಿಯಿಂದ ಶತ್ರುವಿನ ಕುದುರೆಗಳು ಒಳಗೆ ನುಗ್ಗುತ್ತವೆ. ಮರ ತೆಳ್ಳಗಿರುವ ಕಡೆ ಗೋಡೆಯನ್ನು ಕಾಡಿನ ಹಿಂಬದಿಗೆ ಎಳೆದುಬಿಡಿ.

ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ದಿಬ್ಬಕ್ಕಿಂತ ದಾರಿಯ ಅಗಲವೇ ಯುದ್ಧವನ್ನು ತೀರ್ಮಾನಿಸುತ್ತದೆ. ಇಕ್ಕಟ್ಟಿನಲ್ಲಿ 60 ಹ್ಯಾಲ್ಬರ್ಡಿಯರ್‌ಗಳನ್ನು (ಭರ್ಜಿ ಹಿಡಿದ ಕಾಲಾಳು) ಕಳಿಸಿದರೂ ಏಟು ಹಾಕುವುದು ಮುಂದಿನ ಸಾಲು ಮಾತ್ರ. ಹಿಂದಿನವರು ಗುಂಪಾಗಿ ನಿಂತು ಆನೇಜರ್ ಎಂಬ ಕಲ್ಲೆಸೆಯುವ ಯಂತ್ರದ ಕಲ್ಲಿಗೆ ಬಲಿಯಾಗುತ್ತಾರೆ. ಇಲ್ಲಿ ದೂರದಿಂದ ಹೊಡೆಯುವ ಪಡೆ, ಅದರ ಹಿಂದೆ 16 ಚೌಕ ದೂರಕ್ಕೆ ಹೊಡೆಯುವ ಟ್ರೆಬುಶೆ ಯಂತ್ರ ಇರಲೇಬೇಕು. ಆನೇಜರ್‌ಗೆ ನೆಲವನ್ನೇ ಗುರಿ ಕೊಟ್ಟರೆ ಅದು ಮರ ಉರುಳಿಸಿ ಹೊಸ ದಾರಿ ಮಾಡುತ್ತದೆ (ಅದರ ಹಿಂದಿನ ರೂಪವಾದ ಮ್ಯಾಂಗೊನೆಲ್‌ನಿಂದ ಇದು ಆಗದು), ಅದಕ್ಕೇ ಇಂಥ ಯಂತ್ರಗಳಲ್ಲಿ ಬಲವಾದ ಕೆಲ್ಟ್ಸ್, ಮಂಗೋಲ್ಸ್ ನಾಗರಿಕತೆಗಳು ಇಲ್ಲಿ ಅಪಾಯಕಾರಿ. ಎಚ್ಚರ, ಆ ಕಲ್ಲು ನಿಮ್ಮವರಿಗೂ ಬಡಿಯುತ್ತದೆ. ಕೊನೆಯ ಯುಗವಾದ ಇಂಪೀರಿಯಲ್ ಏಜ್ ಬಂದ ಮೇಲೆ ಬೆನ್ನ ಹಿಂದಿನ ಕಾಡನ್ನು ಗೋಡೆಯೆಂದು ನಂಬಬೇಡಿ; ಅಲ್ಲೊಂದು ಔಟ್‌ಪೋಸ್ಟ್ (ದೂರ ನೋಡುವ ಕಾವಲು ಕಟ್ಟಡ) ಇರಲಿ.

ಅರೀನಾದಲ್ಲಿ ಕಲ್ಲಿನ ಗೋಡೆ ಮೊದಲೇ ಸಿಗುವುದರಿಂದ ಫ್ಯೂಡಲ್ ಸೈನ್ಯಕ್ಕೆ ಸುರಿದ ಹಣ ಬಹುತೇಕ ದಂಡ. 800 ಫುಡ್, 200 ಗೋಲ್ಡ್ ಕೂಡಿಸಿ ನೇರ ಮೂರನೇ ಯುಗವಾದ ಕ್ಯಾಸಲ್ ಏಜ್‌ಗೆ ಹೋಗಿ, ಮೊನಾಸ್ಟರಿ ಕಟ್ಟಿ, ಮಧ್ಯದ ರೆಲಿಕ್‌ಗಳನ್ನು (ಪವಿತ್ರ ವಸ್ತು) ಅಲ್ಲಿಗೆ ತರಲು ಮಾಂಕ್‌ಗಳನ್ನು (ಸನ್ಯಾಸಿ) ಕಳಿಸಿ. ಒಂದು ರೆಲಿಕ್ ನಿಮಿಷಕ್ಕೆ 30 ಗೋಲ್ಡ್ ಕೊಡುತ್ತದೆ. ಮೂರು ಹಿಡಿದವರಿಗೆ ನಿಮಿಷಕ್ಕೆ 90, ಅದೂ ವಿಲೇಜರ್ ಇಲ್ಲದೆ. ಒಂಟಿ ಮಾಂಕ್‌ನನ್ನು ಲೈಟ್ ಕ್ಯಾವಲ್ರಿ (ಹಗುರ ಕುದುರೆ ಪಡೆ) ಕ್ಷಣದಲ್ಲಿ ಮುಗಿಸುತ್ತದೆ, ಜೊತೆಗೆ ಒಂದೆರಡು ಪೈಕ್‌ಮನ್ (ಭರ್ಜಿಗಾರ) ಹೋಗಲಿ.